ಏರುಬೆಟ್ಟದ ಆಯವ್ಯಯ

ಬೆಟ್ಟ ಹತ್ತುವುದು ಕಾಲುಗಳ ಕೆಲಸವೆಂದೇ ಬಹುಮಂದಿ ತಿಳಿದಿದ್ದಾರೆ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. 1980ರ ದಶಕದಲ್ಲಿ ಸೇವೆಗೆ ಸೇರಿದ ಹೊಸತರಲ್ಲಿ ಮೂವರು ಗೆಳೆಯರೊಂದಿಗೆ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತಕ್ಕೆ ಹೊರಟಾಗ ಗಂಟೆ ಹತ್ತಾಗಿತ್ತು. ನಾಲ್ವರಿಗೆ ಎರಡು ಬಾಟಲಿ ನೀರು, ಒಂದೇ ಟಾರ್ಚು. ಶೇಷಪರ್ವತದ ಏರಿನಲ್ಲಿ ಒಬ್ಬನ ಕಾಲು ಸೆಡೆತುಕೊಂಡಿತು. ಆಗಲೇ ಹೊತ್ತು ಇಳಿಯತೊಡಗಿತ್ತು. ‘ಇಷ್ಟು ದೂರ ಬಂದಾಗಿದೆ, ಇನ್ನೇನು ತುದಿ’ ಎಂದು ಅವನನ್ನು ಹುರಿದುಂಬಿಸಿದವನು ನಾನೇ. ಕತ್ತಲಲ್ಲಿ, ಒಂದು ಬದಿ ಪ್ರಪಾತವಿರುವ ಏಣಿನ ಮೇಲೆ, ಅವನ ಕೈ ಹಿಡಿದು ಇಳಿದ ಆ ಮೂರು ತಾಸುಗಳು ಇಂದಿಗೂ ಕನಸಿನಲ್ಲಿ ಬರುತ್ತವೆ. ಗಿರಿಗದ್ದೆಯ ಮನೆಯವರು ಅಪರಾತ್ರಿಯಲ್ಲಿ ಬಾಗಿಲು ತೆರೆದು ಅನ್ನ, ಮಜ್ಜಿಗೆ ಬಡಿಸದಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಕಲಿತ ಮೊದಲ ಪಾಠಗಳಲ್ಲೊಂದು, ಈಗಾಗಲೇ ವ್ಯಯವಾಗಿ ಮರಳಿ ಬಾರದ ವೆಚ್ಚವನ್ನು ಮುಂದಿನ ತೀರ್ಮಾನಕ್ಕೆ ಆಧಾರ ಮಾಡಬಾರದೆಂಬುದು. ಪದವಿ ಕೈಯಲ್ಲಿದ್ದೂ ಬೆಟ್ಟದ ಮೇಲೆ ಅದು ನೆನಪಾಗಲಿಲ್ಲ. ಈ ಬಾರಿ ಮೊಮ್ಮಗಳು ‘ತಾತ, ಕುಮಾರಪರ್ವತಕ್ಕೆ ಹೋಗೋಣ’ ಎಂದಾಗ ನಾನು ಮೊದಲು ಕೈಗೆತ್ತಿಕೊಂಡದ್ದು ಕಾಗದ ಮತ್ತು ಪೆನ್ನು.

ಲೆಕ್ಕ ಸರಳವಾಗಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸೂತ್ರ ಕೊಟ್ಟ: ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ. ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಕುಕ್ಕೆ ಇರುವುದು ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ. ಕುಮಾರಪರ್ವತದ ಎತ್ತರ 1,712 ಮೀಟರ್. ನಡುವಿನ ದಾರಿ ಸುಮಾರು 13 ಕಿ.ಮೀ. ಸೂತ್ರದ ಪ್ರಕಾರ ಏರಲು ಐದೂಕಾಲು ಗಂಟೆ ಸಾಕು. ಆದರೆ ಅದು ಪಳಗಿದ ಕಾಲುಗಳ, ವಿಶ್ರಾಂತಿಯಿಲ್ಲದ ನಡಿಗೆಯ ಲೆಕ್ಕ. ನಮ್ಮಂಥವರು ಅದಕ್ಕೆ ಅರ್ಧ ಪಾಲು ಸೇರಿಸಬೇಕು, ಎಂಟು ಗಂಟೆಯಾಯಿತು. ಇಳಿಯಲು ಕನಿಷ್ಠ ನಾಲ್ಕು. ಬೆಳಿಗ್ಗೆ ಆರೂವರೆಗೆ ಹೊರಟರೆ ಹಿಂದಿರುಗುವುದು ಸಂಜೆ ಆರೂವರೆಗೆ. ಡಿಸೆಂಬರಿನಲ್ಲಿ ಅಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಊಟದ ಹೊತ್ತನ್ನು ಇನ್ನೂ ಸೇರಿಸಿಯೇ ಇಲ್ಲ! ಅಂದರೆ ಕುಕ್ಕೆಯ ಕಡೆಯಿಂದ ಒಂದೇ ದಿನದಲ್ಲಿ ಹೋಗಿಬರುವುದು ಸಾಮಾನ್ಯರಿಗೆ ಹೇಳಿದ್ದಲ್ಲ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದಾದರೆ ದಾರಿ ಸುಮಾರು 7 ಕಿ.ಮೀ.; ಏರೂ ಕಡಿಮೆ. ಆದ್ದರಿಂದ ಅದನ್ನೇ ಆರಿಸಿಕೊಂಡೆ.

ಇನ್ನುಳಿದ ಬಾಬುಗಳು ಹೀಗಿವೆ: ತಲೆಗೆ ಮೂರು ಲೀಟರ್ ನೀರು, ಏಕೆಂದರೆ ಮಳೆ ನಿಂತ ಮೇಲೆ ಮೇಲಿನ ತೊರೆಗಳನ್ನು ನಂಬುವಂತಿಲ್ಲ, ಚಪಾತಿ, ಚಟ್ನಿಪುಡಿ, ಬೆಲ್ಲ, ಪ್ರತಿಯೊಬ್ಬರಿಗೂ ಟಾರ್ಚು, ಇಂಬಳಗಳಿಗೆ ಉಪ್ಪು, ತಂದ ಕಸವನ್ನು ಮರಳಿ ಒಯ್ಯಲು ಒಂದು ಚೀಲ. ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲಿದ್ದರೂ ಮಧ್ಯಾಹ್ನ ಒಂದು ಗಂಟೆಗೆ ಹಿಂತಿರುಗುವುದೆಂಬ ನಿರ್ಧಾರ. ಅದನ್ನು ಮನೆಯಲ್ಲಿಯೇ ಮಾಡಬೇಕು. ಏಣಿನ ಮೇಲೆ ತುದಿ ಕಣ್ಣಿಗೆ ಬಿದ್ದಾಗ ಮನಸ್ಸು ನಿಷ್ಪಕ್ಷಪಾತಿಯಾಗಿ ಉಳಿಯುವುದಿಲ್ಲ.

ವ್ಯಕ್ತಿಯ ಲೆಕ್ಕ ಮುಗಿಯಿತು. ಬೆಟ್ಟದ ಲೆಕ್ಕ ಬೇರೆಯೇ ಇದೆ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಇದೇ ದಾರಿಯಲ್ಲಿ ಜಾತ್ರೆಯಂತೆ ಸೇರಿದ ಜನಸಂದಣಿಯ ಚಿತ್ರಗಳನ್ನು ಓದುಗರು ನೋಡಿರಬಹುದು. ಅನಂತರವೇ ಸರ್ಕಾರ ಆನ್‌ಲೈನ್ ಕಾಯ್ದಿರಿಸುವಿಕೆ ಇಲ್ಲದ ಚಾರಣಗಳನ್ನು ತಡೆದು, ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಚಾರಣಿಗರ ಸಂಖ್ಯೆಗೆ ಮಿತಿ ವಿಧಿಸಿತು. ಇದು ಅಧಿಕಾರಶಾಹಿಯ ಅತಿರೇಕವೆಂದು ಗೊಣಗುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದು ಪುಷ್ಪಗಿರಿ ವನ್ಯಜೀವಿ ಧಾಮ. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ಭಾಗ. ಇಲ್ಲಿ ಹುಟ್ಟುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಏಣಿನ ಮೇಲಿನ ಹುಲ್ಲುಗಾವಲು ಬರಿಯ ಹುಲ್ಲಲ್ಲ. ಮಳೆನೀರನ್ನು ಹಿಡಿದಿಟ್ಟು ತೊರೆಗಳಿಗೆ ನಿಧಾನವಾಗಿ ಬಿಟ್ಟುಕೊಡುವ ಹೊದಿಕೆ. ಸಾವಿರ ಬೂಟುಗಳು ತುಳಿದಲ್ಲಿ ಹುಲ್ಲು ಸತ್ತು, ಮುಂದಿನ ಮಳೆಗಾಲದಲ್ಲಿ ಕಾಲುದಾರಿಯೇ ಕೊರಕಲಾಗುತ್ತದೆ.

ಎಲ್ಲರಿಗೂ ಮುಕ್ತವಾದ ಸಂಪನ್ಮೂಲ ಕೊನೆಗೆ ನಾಶವಾಗುತ್ತದೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ. ಹಾಗಾಗಬೇಕಿಲ್ಲ, ಬಳಸುವವರೇ ನಿಯಮ ರೂಪಿಸಿ ಪಾಲಿಸಿದರೆ ಉಳಿಯುತ್ತದೆಂದು ಎಲಿನಾರ್ ಆಸ್ಟ್ರಮ್ ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ವ್ಯವಸ್ಥೆಯಲ್ಲಿ ಹಾರ್ಡಿನ್ನನ ಭಯವಿದೆ, ಆಸ್ಟ್ರಮ್ಮರ ವಿವೇಕ ಸಾಲದು. ಪ್ರತಿ ದಾರಿಯ ಮಿತಿಯೂ ಆ ದಾರಿಯ ಧಾರಣಶಕ್ತಿಗೆ ತಕ್ಕಂತಿರಬೇಕು. ಶುಲ್ಕದ ಒಂದು ಪಾಲು ಅದೇ ದಾರಿಯ ದುರಸ್ತಿಗೂ ಬೆಟ್ಟದ ಬುಡದ ಊರುಗಳಿಗೂ ಸಲ್ಲಬೇಕು. ದರ ಏರಿಸಿ ಜನರನ್ನು ಕಡಿಮೆ ಮಾಡುವುದು ಸುಲಭ. ಆದರೆ ಆಗ ಬೆಟ್ಟ ಉಳ್ಳವರ ಸೊತ್ತಾಗುತ್ತದೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇರಲಿ. ಸರದಿಯಲ್ಲಿ ಕಾಯುವುದು ಬಡವನಿಗೂ ಸಾಧ್ಯ.

ಯೋಜನೆಯನ್ನೆಲ್ಲ ಓದಿದ ಮೊಮ್ಮಗಳು ಕೇಳಿದಳು: ‘ಒಂದು ಗಂಟೆಗೆ ತುದಿ ಇನ್ನೂ ಅರ್ಧ ಕಿಲೋಮೀಟರ್ ಇದ್ದರೆ?’

‘ವಾಪಸು.’

‘ನೂರು ಮೀಟರ್ ಇದ್ದರೆ?’

ನಾನು ತಕ್ಷಣ ಉತ್ತರಿಸಲಿಲ್ಲ. ನಲವತ್ತು ವರ್ಷಗಳ ಹಿಂದಿನ ಆ ಕೈಯ ಬೆವರು ನನ್ನ ಅಂಗೈಯಲ್ಲಿ ಇನ್ನೂ ಇದ್ದಂತೆನಿಸಿತು. ‘ಆಗಲೂ ವಾಪಸು’ ಎಂದೆ. ಅವಳು ಅದನ್ನು ಕಾಗದದ ಕೊನೆಯಲ್ಲಿ ಬರೆದು, ಕೆಳಗೆ ನನ್ನ ಸಹಿ ಹಾಕಿಸಿಕೊಂಡಳು.