ಬ್ರಿಟನ್ನಿನ ಕ್ರೌನ್: ಸ್ಮಾರಕ ನಾಣ್ಯವನ್ನು ಓದುವ ಬಗೆ

ರಾಜ್ಯಾಭಿಷೇಕ, ಆಳ್ವಿಕೆಯ ಬೆಳ್ಳಿಹಬ್ಬ ಮೊದಲಾದ ಸಂದರ್ಭಗಳ ನೆನಪಿಗೆ ಬ್ರಿಟನ್ನಿನಲ್ಲಿ ಟಂಕಿಸಲಾದ ಹಳೆಯ ಸ್ಮಾರಕ ನಾಣ್ಯಗಳ ಪೈಕಿ ಎದ್ದು ಕಾಣುವುದು ಕ್ರೌನ್. ಐದು ಶಿಲ್ಲಿಂಗ್, ಅಂದರೆ ಕಾಲು ಪೌಂಡ್ ಬೆಲೆಯ, ಸುಮಾರು 38.6 ಮಿಲಿಮೀಟರ್ ವ್ಯಾಸದ ಈ ದೊಡ್ಡ ನಾಣ್ಯದ ಮುಖಬೆಲೆ 1971ರಲ್ಲಿ ದಶಮಾಂಶ ಪದ್ಧತಿ ಬಂದ ಮೇಲೆ 25 ಪೆನ್ಸ್ ಆಯಿತು. 1965ರ ಚರ್ಚಿಲ್ ಕ್ರೌನಿನ ಮೇಲಾಗಲಿ, ಎರಡನೆಯ ಎಲಿಜಬೆತ್ ರಾಣಿಯ ಬೆಳ್ಳಿಹಬ್ಬದ 1977ರ ಕ್ರೌನಿನ ಮೇಲಾಗಲಿ ಬೆಲೆಯನ್ನೇ ನಮೂದಿಸಿಲ್ಲವಾದ್ದರಿಂದ ಅವುಗಳನ್ನು ಪದಕಗಳೆಂದು ತಪ್ಪಾಗಿ ತಿಳಿಯುವುದು ಸುಲಭ. ಆದರೆ ಅವು ಕಾನೂನುಬದ್ಧ ನಾಣ್ಯಗಳೇ.

ಗುರುತಿಸುವ ಕೆಲಸ ಅಂಚಿನಿಂದ ಆರಂಭವಾಗುವುದು ಒಳ್ಳೆಯದು. ಐದನೆಯ ಜಾರ್ಜ್ ದೊರೆಯ ಬೆಳ್ಳಿಹಬ್ಬದ 1935ರ ಕ್ರೌನಿನ ಅಂಚಿನಲ್ಲಿ 'ಡೆಕುಸ್ ಎಟ್ ಟುಟಾಮೆನ್', ಎಂದರೆ 'ಅಲಂಕಾರವೂ ರಕ್ಷಣೆಯೂ' ಎಂಬ ಲ್ಯಾಟಿನ್ ಬರಹವಿದೆ; ಅಂಚನ್ನು ಕತ್ತರಿಸಿ ಬೆಳ್ಳಿ ಕದಿಯುವುದನ್ನು ತಡೆಯಲು ಹುಟ್ಟಿದ ಈ ಪದ್ಧತಿ ಮುಂದೆ ಸಂಪ್ರದಾಯವಾಗಿ ಉಳಿಯಿತು. ಸಾಮಾನ್ಯ ಪ್ರತಿಗಳಲ್ಲಿ ಈ ಅಕ್ಷರಗಳು ಒಳಕ್ಕೆ ಕೊರೆದಂತಿದ್ದರೆ, ಸಂಗ್ರಾಹಕರಿಗೆಂದೇ ಹೊಳಪಿನಿಂದ ತಯಾರಿಸಿದ 2,500 ಬೆಳ್ಳಿ ಪ್ರತಿಗಳಲ್ಲಿ ಅವು ಉಬ್ಬಿ ನಿಂತಿವೆ. ಉಗುರಿನ ತುದಿಗೇ ತಿಳಿಯುವ ಈ ಸಣ್ಣ ವ್ಯತ್ಯಾಸವೇ ನಾಣ್ಯದ ಬೆಲೆಯನ್ನು ಬಹಳವಾಗಿ ಏರಿಸುತ್ತದೆ.

ಲೋಹದ ವಿಷಯದಲ್ಲಿ ಇಸವಿಯೇ ದಾರಿ ತೋರುತ್ತದೆ. 1920ಕ್ಕೆ ಮುಂಚಿನ ಕ್ರೌನ್‌ಗಳಲ್ಲಿ ಶೇ. 92.5ರಷ್ಟಿದ್ದ ಬೆಳ್ಳಿ ಅನಂತರ ಶೇ. 50ಕ್ಕೆ ಇಳಿದು, 1947ರಿಂದ ಚಲಾವಣೆಯ ನಾಣ್ಯಗಳಲ್ಲಿ ಅದರ ಸ್ಥಾನಕ್ಕೆ ತಾಮ್ರ ಮತ್ತು ನಿಕಲ್‌ಗಳ ಮಿಶ್ರಲೋಹ ಬಂದಿತು. ಹೀಗಾಗಿ 1951ರ 'ಫೆಸ್ಟಿವಲ್ ಆಫ್ ಬ್ರಿಟನ್' ಉತ್ಸವದ ಕ್ರೌನ್ ನೋಟಕ್ಕೆ ಬೆಳ್ಳಿಯಂತಿದ್ದರೂ ಬೆಳ್ಳಿಯದಲ್ಲ. 1935 ಮತ್ತು 1937ರ ಕ್ರೌನ್‌ಗಳ ಮೇಲಿರುವ 'ಇಂಡ್ ಇಂಪ್', ಅಂದರೆ 'ಭಾರತದ ಚಕ್ರವರ್ತಿ' ಎಂಬ ಬಿರುದಿನ ಸಂಕ್ಷೇಪವೂ ಅದರ ಮೇಲೆ ಕಾಣುವುದಿಲ್ಲ. ಭಾರತದ ಸ್ವಾತಂತ್ರ್ಯವನ್ನು ಬ್ರಿಟನ್ನಿನ ನಾಣ್ಯಗಳು ಹೀಗೆ ಮೌನವಾಗಿ ದಾಖಲಿಸಿರುವುದು ಭಾರತೀಯ ಓದುಗರು ಗಮನಿಸಲೇಬೇಕಾದ ಸಂಗತಿ.

ಹಳೆಯದೆಲ್ಲವೂ ಅಪರೂಪವಲ್ಲ. ರಾಣಿಯ ಮುಖದ ಬದಿಯಲ್ಲಿ ಇಸವಿಯನ್ನೂ ಹಿಂಬದಿಯಲ್ಲಿ ಆಸ್ಕರ್ ನೆಮನ್ ರೂಪಿಸಿದ ಒರಟು ಮೈಯ ಭಾವಚಿತ್ರವನ್ನೂ ಹೊತ್ತ ಚರ್ಚಿಲ್ ಕ್ರೌನ್ 1.9 ಕೋಟಿಗೂ ಹೆಚ್ಚು ಟಂಕಿತವಾದುದರಿಂದ ಅದರ ಬೆಲೆ ಇಂದಿಗೂ ಕಡಿಮೆ. ಯಾವ ನಾಣ್ಯವೇ ಸಿಕ್ಕಲಿ, ಅದನ್ನು ಹುಣಸೆಹಣ್ಣಿನಿಂದಾಗಲಿ ಪಾಲಿಷ್‌ನಿಂದಾಗಲಿ ಉಜ್ಜಬಾರದು. ಉಜ್ಜಿದಾಗ ಹೋದ ಮೂಲ ಮೇಲ್ಮೈ ಮತ್ತೆ ಬರುವುದಿಲ್ಲ.