ಕೋತಿ ಜಾಸ್ತಿ ಆಗಿಲ್ಲ, ಅದರ ಜಾಗ ಕಮ್ಮಿಯಾಗಿದೆ

ಹೋದ ವರ್ಷ ಏಪ್ರಿಲ್. ನಮ್ಮ ತೋಟದ ಬಾದಾಮಿ ಮಾವು ಕೊಯ್ಲಿಗೆ ಇನ್ನು ಹತ್ತು ದಿನ ಇತ್ತು. ಬೆಳಿಗ್ಗೆ ಏಳು ಗಂಟೆಗೆ ಹೋಗಿ ನೋಡಿದ್ರೆ ನಾಲ್ಕು ಮರದ ಕೆಳಗೆ ಕಾಯಿ ಹಾಸಿದ ಹಾಗೆ ಬಿದ್ದಿದ್ವು. ಎಲ್ಲದರಲ್ಲೂ ಒಂದೊಂದು ಕಚ್ಚು. ತಿಂದಿದ್ದಕ್ಕಿಂತ ಹಾಳು ಮಾಡಿದ್ದೇ ಹೆಚ್ಚು. ಅಪ್ಪ ಏನೂ ಮಾತಾಡಲಿಲ್ಲ, ಸುಮ್ಮನೆ ಆರಿಸಿ ಗೊಬ್ಬರದ ಗುಂಡಿಗೆ ಹಾಕಿದರು.

ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ ಯಾವ ಕಡೆಯ ಗೆಳೆಯರಿಗೆ ಫೋನ್ ಮಾಡಿದರೂ ಇದೇ ಮಾತು: "ಕೋತಿ ಜಾಸ್ತಿ ಆಗೋಗಿವೆ ಕಣಣ್ಣ."

ನಾವೂ ಹಾಗೇ ಅಂದುಕೊಂಡಿದ್ದೆವು. ಎರಡು ವರ್ಷ ಹಿಂದೆ ಊರಲ್ಲಿ ಮನೆಗಿಷ್ಟು ಅಂತ ದುಡ್ಡು ಎತ್ತಿ ಕೋತಿ ಹಿಡಿಯೋರನ್ನ ಕರೆಸಿದೆವು. ನಾನೂ ದುಡ್ಡು ಕೊಟ್ಟೆ. ಬೋನಿಟ್ಟು ಹಿಡಿದು, ರಾತ್ರೋರಾತ್ರಿ ಗಾಡಿಗೆ ತುಂಬಿ ಎಲ್ಲೋ ಕಾಡಂಚಿಗೆ ಬಿಟ್ಟು ಬಂದರು. ನಾಲ್ಕು ತಿಂಗಳು ನೆಮ್ಮದಿ. ಐದನೇ ತಿಂಗಳಿಗೆ ಬೇರೆ ಗುಂಪು ಹಾಜರ್! ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕೋತಿ ಹಿಡಿಯೋದು ಅಪರಾಧ ಅಂತ ಆಮೇಲೆ ಗೊತ್ತಾಯಿತು. ನಾವು ಬಿಟ್ಟ ಕೋತಿಗಳು ಯಾವ ಊರಿನ ರೈತನ ಹೊಟ್ಟೆ ಉರಿಸಿದವೋ, ಅದು ಮಾತ್ರ ಇವತ್ತಿಗೂ ಗೊತ್ತಿಲ್ಲ.

ತೋಟಗಾರಿಕೆ ಓದುವಾಗ ಹಣ್ಣುನೊಣದ, ಜಿಗಿಹುಳದ ಜೀವನಚಕ್ರ ಬಾಯಿಪಾಠ ಮಾಡಿದ್ದೆ. ಕೋತಿ ಬಗ್ಗೆ ಒಂದು ಪುಟವೂ ಓದಿರಲಿಲ್ಲ. ಹಾಗಾಗಿ ಈಗ ಓದೋಕೆ ಕೂತೆ.

ಲೆಕ್ಕ ಏನು ಹೇಳುತ್ತೆ?

ನಮ್ಮ ತೋಟಕ್ಕೆ ಬರೋದು ತಲೆ ಮೇಲೆ ಟೋಪಿ ಇಟ್ಟಂತೆ ಕೂದಲಿರುವ ಕೋತಿ, ಅಂದರೆ ಬಾನೆಟ್ ಮಕಾಕ್. ಕಪ್ಪು ಮೂತಿಯ ಮುಸುವ ಬೇರೆ. ಈ ಟೋಪಿ ಕೋತಿ ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮೇವಾ ಸಿಂಗ್ ಮತ್ತು ಅವರ ಜೊತೆಗಾರರು ಈ ಕೋತಿಗಳನ್ನು ದಶಕಗಳಿಂದ ಎಣಿಸುತ್ತಾ ಬಂದಿದ್ದಾರೆ. 2017ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಳೆಯ ಲೆಕ್ಕ ಸಿಗುವ ಪ್ರದೇಶಗಳಲ್ಲಿ 25 ವರ್ಷದಲ್ಲಿ ಈ ಕೋತಿಗಳ ಸಂಖ್ಯೆ ಶೇ. 65ಕ್ಕಿಂತ ಹೆಚ್ಚು ಕುಸಿದಿದೆ. 2020ರಲ್ಲಿ ಪ್ರಕಟವಾದ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದು 'ಚಿಂತೆಯಿಲ್ಲ' ಅನ್ನೋ ಗುಂಪಿನಿಂದ ಅಪಾಯದ ಅಂಚಿನ ಗುಂಪಿಗೆ ಬಂತು. ಇದು ಸಾಲದು ಅಂತ ಉತ್ತರದ ರೀಸಸ್ ಕೋತಿ ದಕ್ಷಿಣಕ್ಕೆ ಹರಡುತ್ತಾ ಇದರ ಜಾಗ ಹಿಡಿಯುತ್ತಿದೆ.

ಹಾಗಾದರೆ ನಮ್ಮ ತೋಟದಲ್ಲಿ ಯಾಕೆ ಹೆಚ್ಚು ಕಾಣ್ತವೆ? ರಸ್ತೆ ಬದಿಯ ಆಲ, ಅರಳಿ, ಗೋಣಿ, ಬಸರಿ ಸಾಲುಮರಗಳೇ ಇವುಗಳ ಮನೆ. ಅಲ್ಲೇ ಹಣ್ಣು, ಅಲ್ಲೇ ರಾತ್ರಿ ನಿದ್ದೆ. ರಸ್ತೆ ಅಗಲವಾದ ಹಾಗೆಲ್ಲ ಆ ಮರಗಳು ಹೋದವು. ನಮ್ಮ ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ನೆಟ್ಟ ಆಲದ ಮರಗಳಿಗೂ 2019ರಲ್ಲಿ ರಸ್ತೆ ಅಗಲೀಕರಣದ ಭಯ ಬಂದಿತ್ತು. ಆ ಅಜ್ಜಿ ಮುಖ್ಯಮಂತ್ರಿಗೆ ಮನವಿ ಮಾಡಿದ್ದರಿಂದ ಸುದ್ದಿಯಾಯಿತು. ಸುದ್ದಿಯಾಗದೆ ಉರುಳಿದ ಮರ ಎಷ್ಟೋ. ಮನೆ ಕಳೆದುಕೊಂಡ ಗುಂಪು ತೋಟಕ್ಕೆ ಇಳಿದಾಗ ನಮಗೆ "ಜಾಸ್ತಿ ಆದ ಹಾಗೆ" ಕಾಣುತ್ತೆ.

ಹಿಡಿದು ಬಿಟ್ಟರೂ ಯಾಕೆ ಬರ್ತವೆ?

ಹೆಣ್ಣು ಕೋತಿ ಹುಟ್ಟಿದ ಗುಂಪಿನಲ್ಲೇ ಬದುಕು ಪೂರ್ತಿ ಇರುತ್ತೆ. ಗಂಡುಗಳು ಗುಂಪು ಬದಲಾಯಿಸ್ತವೆ. ಒಂದೊಂದು ಗುಂಪಿಗೂ ಓಡಾಡೋಕೆ ಒಂದು ಜಾಗ ಅಂತ ಇರುತ್ತೆ. ನೀವು ಒಂದು ಗುಂಪನ್ನ ಎತ್ತಿದರೆ ಆ ಜಾಗ ಖಾಲಿ, ಆದರೆ ಊಟ ಹಾಗೇ ಇದೆ. ಪಕ್ಕದ ಗುಂಪು ಬರದೆ ಇರುತ್ತಾ? ಅರ್ಧ ಹಿಡಿದು ಅರ್ಧ ಬಿಟ್ಟರೆ ಗುಂಪು ಒಡೆದು ಚೆದುರಿ, ಎರಡು ಕಡೆ ಕಾಟ ಶುರು.

ಇನ್ನೊಂದು ವಿಷಯ. ಮರಿ ಹಾಕೋದು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್. ಹಾಲುಣಿಸೋ ತಾಯಿಗೆ ಹಸಿವು ಹೆಚ್ಚಾಗೋ ಕಾಲ, ನಮ್ಮ ಮಾವು ಬಲಿಯೋ ಕಾಲ ಎರಡೂ ಒಂದೇ. ಮೇಲಿಂದ ಕೆನ್ನೆಯಲ್ಲಿ ಚೀಲ ಇದೆ. ನೀವು ಕೂಗಿಕೊಂಡು ಬರೋಷ್ಟರಲ್ಲಿ ಅದನ್ನ ತುಂಬಿಕೊಂಡು ಓಡಿಹೋಗಿ ಆರಾಮಾಗಿ ಅಗೀತವೆ.

ಏನು ಮಾಡಬಹುದು?

ಇವು ನನ್ನ ಮೂರು ಎಕರೆಯಲ್ಲಿ ಮಾಡಿ ನೋಡಿದ್ದು.

1. ಸೇತುವೆ ಕತ್ತರಿಸಿ. ತೋಟದ ಅಂಚಿನ ದೊಡ್ಡ ಮರದಿಂದ ಮಾವಿನ ಮರಕ್ಕೆ ಚಾಚಿರೋ ಕೊಂಬೆ ಸವರಿ. ಮರ ಕಡಿಯಬೇಡಿ, ಕೊಂಬೆ ಸಾಕು. ನೆಲಕ್ಕೆ ಇಳಿದು ಬಯಲು ದಾಟಬೇಕಾದಾಗ ಕೋತಿ ಯೋಚನೆ ಮಾಡುತ್ತೆ, ನಾಯಿಗೂ ಕಾಣುತ್ತೆ.

2. ಕಾವಲು ಹೊತ್ತು ನೋಡಿ ಇಡಿ. ಬೆಳಕು ಹರಿದ ಮೊದಲ ಎರಡು ಗಂಟೆ, ಮತ್ತೆ ಸಂಜೆ ನಾಲ್ಕರ ಮೇಲೆ. ಇಡೀ ದಿನ ಕಾದು ಸುಸ್ತಾಗೋದಕ್ಕಿಂತ ಇದು ಮೇಲು.

3. ಒಬ್ಬರೇ ಓಡಿಸಬೇಡಿ. ನಾನು ಓಡಿಸಿದರೆ ಪಕ್ಕದವನ ತೋಟಕ್ಕೆ, ಅವನು ಓಡಿಸಿದರೆ ನನ್ನ ತೋಟಕ್ಕೆ. ನಾವು ಹನ್ನೊಂದು ಮನೆಯವರು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿದ್ದೇವೆ. ಕೋತಿ ಕಂಡವರು ಎಲ್ಲಿ, ಯಾವ ಕಡೆ ಹೊರಟಿವೆ ಅಂತ ಒಂದು ಧ್ವನಿ ಸಂದೇಶ ಹಾಕ್ತಾರೆ. ಗುಡ್ಡದ ಕಡೆಗೇ ತಿರುಗಿಸ್ತೇವೆ.

4. ಅಂಚಿನ ಸಾಲು ಬದಲಾಯಿಸಿ. ಬಾಳೆ, ಟೊಮೆಟೊ ಒಳಗೆ. ಮೆಣಸಿನಕಾಯಿ, ಅರಿಶಿನ, ಶುಂಠಿ ಹೊರಗೆ. ಪೂರ್ತಿ ತಡೆಯಲ್ಲ, ಆದರೆ ಅಂಚಿನಲ್ಲೇ ಕೂತು ತಿನ್ನೋದು ನಿಂತಿದೆ.

5. ಉದುರಿದ ಹಣ್ಣು ಅವತ್ತೇ ಆರಿಸಿ, ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಹಣ್ಣುನೊಣಕ್ಕೂ ಇದೇ ಮದ್ದು.

6. ಯಾರೂ ತಿಂಡಿ ಹಾಕದ ಹಾಗೆ ನೋಡಿಕೊಳ್ಳಿ. ಬಂಡೀಪುರದ ಕೋತಿಗಳು ಜನರ ಮುಂದೆ ಕೈ ಚಾಚಿ, ದನಿ ಮಾಡಿ ತಿಂಡಿ ಕೇಳೋದನ್ನ ಸಂಶೋಧಕರು 2018ರಲ್ಲಿ ದಾಖಲಿಸಿದ್ದಾರೆ. ಬೆಟ್ಟದ ದೇವಸ್ಥಾನದಲ್ಲಿ ಬಾಳೆಹಣ್ಣು ಕೊಟ್ಟು ಪುಣ್ಯ ಕಟ್ಟಿಕೊಳ್ಳೋರು, ಕೆಳಗಿನ ರೈತನ ತೋಟಕ್ಕೆ ದಾರಿ ತೋರಿಸ್ತಿದ್ದಾರೆ.

ಪಟಾಕಿ, ಹುಲಿ ಗೊಂಬೆ ಎರಡನ್ನೂ ಪ್ರಯತ್ನಿಸಿದೆ. ಒಂದು ವಾರದ ಆಟ. ಎಂಟನೇ ದಿನ ಹುಲಿ ಬೆನ್ನ ಮೇಲೆ ಮರಿ ಕೂತಿತ್ತು!

ಇದನ್ನ ಮಾತ್ರ ಮಾಡಬೇಡಿ

ವಿಷ ಇಡಬೇಡಿ. 2021ರ ಜುಲೈನಲ್ಲಿ ಹಾಸನ ಜಿಲ್ಲೆಯ ಚೌಡನಹಳ್ಳಿ ಹತ್ತಿರ ಗೋಣಿಚೀಲಗಳಲ್ಲಿ 30ಕ್ಕೂ ಹೆಚ್ಚು ಕೋತಿಗಳ ಹೆಣ ಸಿಕ್ಕವು. ಹೈಕೋರ್ಟ್ ತಾನೇ ಮುಂದೆ ಬಂದು ಪ್ರಕರಣ ಕೈಗೆತ್ತಿಕೊಂಡಿತು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇದು ಜೈಲಿಗೆ ಹೋಗುವ ಕೆಲಸ. ಅದಕ್ಕಿಂತ ಮುಖ್ಯವಾಗಿ ಅದೇ ವಿಷ ನಾಯಿಗೆ, ದನಕ್ಕೆ, ಹಕ್ಕಿಗೂ ಹೋಗುತ್ತೆ. ರಾಮದೇವರ ಬೆಟ್ಟದ ರಣಹದ್ದುಗಳ ನೆನಪಿರಲಿ, ಅವು ಬದುಕೋದೇ ಸತ್ತ ಪ್ರಾಣಿ ತಿಂದು.

ಕೋತಿ ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ.

ಈ ವರ್ಷ ನಮಗೆ ನಷ್ಟ ಆಗಲಿಲ್ಲವಾ? ಆಯಿತು. ಆದರೆ ಹೋದ ವರ್ಷದ ಅರ್ಧಕ್ಕಿಂತ ಕಮ್ಮಿ. ಕಾವಲಿಗೆ ಹೋದ ನಮ್ಮ ಬೆಳಗಿನ ಹೊತ್ತಿನ ಲೆಕ್ಕ ಯಾರೂ ಕೊಡಲ್ಲ, ಆ ಸಿಟ್ಟು ನನಗೂ ಇದೆ. ರೈತನೊಬ್ಬನೇ ಈ ಹೊರೆ ಹೊರಬೇಕು ಅನ್ನೋದು ನ್ಯಾಯ ಅಲ್ಲ. ರಸ್ತೆಗೆ ಮರ ಕಡಿದರೆ ಬದಲಿಗೆ ಅಲಂಕಾರದ ಗಿಡ ಬೇಡ, ಆಲ, ಗೋಣಿ, ಅತ್ತಿಯೇ ಬೇಕು ಅಂತ ನಿಮ್ಮ ಗ್ರಾಮಸಭೆಯಲ್ಲಿ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಈ ಮುಂಗಾರಿಗೆ ನಾವು ಗುಡ್ಡದ ಹಳ್ಳದ ದಂಡೆಯಲ್ಲಿ, ತೋಟದಿಂದ ದೂರ, ಇಪ್ಪತ್ತು ಅತ್ತಿ, ಗೋಣಿ ಗಿಡ ನೆಟ್ಟೆವು. "ಕೋತಿಗೆ ತೋಟ ಮಾಡ್ತಿದ್ದೀಯಾ?" ಅಂತ ಅಪ್ಪ ನಕ್ಕರು. ಆಮೇಲೆ ಅವರೇ ಹೋಗಿ ಮುಳ್ಳುಬೇಲಿ ಕಟ್ಟಿ ಬಂದರು.