ಕೂಸಿನ ಮನೆ: ಖರ್ಚಿನ ಲೆಕ್ಕ, ಫಲದ ಲೆಕ್ಕ

2023-24ರ ರಾಜ್ಯ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯತಿಗಳಿಗೆ ಕೂಸಿನ ಮನೆಗಳನ್ನು ಘೋಷಿಸಲಾಯಿತು. ವಿಷಯವು ಸಭೆಯ ಮುಂದೆ ಬಂದಾಗ ಮೊದಲು ಕಾಣುವುದು ಖರ್ಚು: ಆರೈಕೆದಾರರ ಕೂಲಿ, ಆಹಾರ, ಆಟಿಕೆ, ಕಟ್ಟಡದ ದುರಸ್ತಿ. ಫಲವಾದರೋ ಕುಟುಂಬದ ಕೈ ಸೇರುವುದರಿಂದ ಪಂಚಾಯತಿಯ ಲೆಕ್ಕಪುಸ್ತಕದಲ್ಲಿ ಕಾಣಿಸದು.

ಉದಾಹರಣೆಗೆ, 20 ತಾಯಂದಿರು ವರ್ಷಕ್ಕೆ ತಲಾ 60 ದಿನ ಉದ್ಯೋಗ ಖಾತರಿ ಕೆಲಸ ಮಾಡಿದರೆಂದು ಭಾವಿಸೋಣ. 2025-26ರ ಕೂಲಿ ದರ 370 ರೂಪಾಯಿಯಂತೆ ಒಟ್ಟು ಗಳಿಕೆ 4,44,000 ರೂಪಾಯಿ. ಆದರೆ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಅವರು ಮೊದಲೂ ತಲಾ 35 ದಿನ ದುಡಿಯುತ್ತಿದ್ದರೆ, ಕೂಸಿನ ಮನೆಯಿಂದ ಹೆಚ್ಚಿದ್ದು 25 ದಿನ ಮಾತ್ರ. ಆಗ ನಿಜವಾದ ಫಲ 1,85,000 ರೂಪಾಯಿ. ಖರ್ಚಿನೊಡನೆ ಹೋಲಿಸಬೇಕಾದದ್ದು ಈ ಮೊತ್ತವನ್ನೇ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಇನ್ನೊಂದು ತೊಡಕುಂಟು. ಹತ್ತಿ ಬಿಡಿಸುವ ಕಾಲದಲ್ಲಿ ಹೆಣ್ಣಾಳುಗಳು ಖಾಸಗಿ ಹೊಲಗಳಿಗೆ ತೆರಳುತ್ತಾರೆ. ಖಾತರಿ ಕೆಲಸದ ಹಾಜರಿಯನ್ನಷ್ಟೇ ನೋಡಿದರೆ ಫಲ ಕಡಿಮೆಯೆಂದು ತೋರುತ್ತದೆ. ಹೊಲದ ಕೂಲಿಯನ್ನೂ ಕೇಳಿ ಬರೆದುಕೊಳ್ಳಬೇಕು. ಕೂಸನ್ನು ಎತ್ತಿಕೊಂಡು ಮನೆಯಲ್ಲೇ ಉಳಿಯುವ ಅಕ್ಕನ ಶಾಲಾದಿನಗಳಿಗೆ ಕೂಲಿ ದರವಿಲ್ಲ, ಆದರೆ ಶಾಲೆಯಲ್ಲಿ ಹಾಜರಿ ಪುಸ್ತಕವಿದೆ.

ಅಮೆರಿಕದಲ್ಲಿ 1962ರಲ್ಲಿ ಆರಂಭವಾದ ಪೆರಿ ಶಿಶುಶಾಲೆಯ ಮಕ್ಕಳನ್ನು ದಶಕಗಳ ಕಾಲ ಗಮನಿಸಲಾಯಿತು. ಅದರಿಂದ ವಾರ್ಷಿಕ ಶೇ. 7ರಿಂದ 10ರಷ್ಟು ಪ್ರತಿಫಲ ದೊರೆತಿದೆಯೆಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು ಅಂದಾಜಿಸಿದರು. ಅಲ್ಲಿ ತರಬೇತಾದ ಶಿಕ್ಷಕಿಯರಿದ್ದರು, ವಾರವಾರ ಮನೆಭೇಟಿಯಿತ್ತು. ಆ ಅಂಕಿಯನ್ನು ಹಾಗೆಯೇ ಇಲ್ಲಿನ ಠರಾವಿಗೆ ಇಳಿಸಲಾಗದು.

ಮಗುವನ್ನು ಸೇರಿಸಿಕೊಂಡ ದಿನವೇ ಅದರ ತೂಕ, ತಾಯಿಯ ಹಿಂದಿನ ವರ್ಷದ ಕೆಲಸದ ದಿನಗಳು, ಅಕ್ಕನ ಶಾಲಾ ಹಾಜರಿ ದಾಖಲಾಗಿರಬೇಕು. ಇಲ್ಲವಾದರೆ ವರ್ಷಾಂತ್ಯದಲ್ಲಿ ಹೋಲಿಸಲು ಏನೂ ಇರದು.